ಹನ್ನೆರಡು ಹೇಳಿ ಆರಕ್ಕೆ ಕಾದದ್ದು

ನಮ್ಮ ಆಟಕ್ಕೆ ಆದ ಖರ್ಚು ಆರು ಲಕ್ಷದ ನಲವತ್ತು ಸಾವಿರ ರೂಪಾಯಿ. ಇಷ್ಟು ದುಡ್ಡಿಗೆ ಗುಂಡ್ಲುಪೇಟೆಯಲ್ಲಿ ಎರಡು ಸೆಕೆಂಡ್‌ಹ್ಯಾಂಡ್ ಗೂಡ್ಸ್ ಆಟೋ ಬರುತ್ತವೆ, ಬಾಡಿಗೆಗೆ ಬಿಟ್ಟರೆ ದಿನಾ ಸಂಜೆ ಕೈಗೆ ಕಾಸು ಬರುತ್ತದೆ. ಅದನ್ನು ಬಿಟ್ಟು ಕಂಪ್ಯೂಟರ್ ಆಟ ಮಾಡಿದೆಯಲ್ಲ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲ ನಾಲ್ಕು ತಿಂಗಳ ಸಂಬಳ ಬಿಟ್ಟರೆ ದುಡ್ಡು ನನ್ನದಲ್ಲ, ಊರೂರಿನ ಜನ ಹಾಕಿದ್ದು. ಆಟೋ ಕೊಳ್ಳುತ್ತೇನೆ ಎಂದಿದ್ದರೆ ಅವರು ಹಾಕುತ್ತಲೇ ಇರಲಿಲ್ಲ.

ಹೆಚ್ಚಿನ ಪಾಲು ಸಂಬಳಕ್ಕೆ ಹೋಯಿತು. ಚಿತ್ರ ಬರೆದವಳಿಗೆ ತಿಂಗಳಿಗೆ ಹದಿನೈದು ಸಾವಿರದಂತೆ ಹದಿನಾರು ತಿಂಗಳು. ಪ್ರೋಗ್ರಾಂ ಬರೆದವನಿಗೆ ಎರಡು ಲಕ್ಷದ ಇಪ್ಪತ್ತು ಸಾವಿರ. ಅವನು ಮೂರು ಕೇಳಿದ್ದ, ನಾನು ಒಂದೂವರೆಯಿಂದ ಶುರು ಮಾಡಿದ್ದೆ, ನಡುವೆ ಆರು ಟೀ ಆದವು. ಮಿಕ್ಕದ್ದು ಸಂಗೀತ, ಒಂದು ಹಳೆಯ ಕಂಪ್ಯೂಟರು, ಯುಪಿಎಸ್ ಬ್ಯಾಟರಿ, ಮಲಯಾಳಂ ಮತ್ತು ಇಂಗ್ಲಿಷ್ ಮಾತು ತಿದ್ದಿಕೊಟ್ಟವರ ಕೂಲಿ, ದುಡ್ಡು ಎತ್ತಿಕೊಟ್ಟ ವೆಬ್‌ಸೈಟಿನ ಕಮಿಷನ್. ಇಷ್ಟರಲ್ಲೆಲ್ಲ ನಾನು ಚೌಕಾಸಿ ಮಾಡದೆ ಒಪ್ಪಿದ ಲೆಕ್ಕ ಒಂದೇ, ಚಿತ್ರ ಬರೆದವಳ ಸಂಬಳ. ಯಾಕೆಂದರೆ ಅವಳು ನನ್ನ ಮಾತು ನಂಬಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಿದ್ದಳು.

ಅವಳು ನನ್ನ ಅಕ್ಕನ ಮಗಳು. ಮನೆ ಹರದನಹಳ್ಳಿ. ಅಲ್ಲಿಂದ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬಂದು ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಕೂರಿಸುತ್ತಿದ್ದಳು. ಹೆಣ್ಣು ಗಂಡನ್ನು ಹೃದಯದೊಳಗೆ ಕೂರಿಸುವುದು, ಹಿಂದೆ ಯಾವುದೋ ದೇಶದ ಜಲಪಾತ ಇಡುವುದು, ಫೋಟೋದಲ್ಲಿ ಕಣ್ಣು ಮುಚ್ಚಿದ ಸೋದರತ್ತೆಗೆ ಇನ್ನೊಂದು ಫೋಟೋದ ಕಣ್ಣು ತಂದು ಅಂಟಿಸುವುದು. ತಿಂಗಳಿಗೆ ಹನ್ನೆರಡು ಸಾವಿರ. ಮಧ್ಯಾಹ್ನದ ಬಿಡುವಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಚೌಕ ಚೌಕ ಜೋಡಿಸಿ ಚಿಕ್ಕ ಚಿಕ್ಕ ಚಿತ್ರ ಬರೆಯುತ್ತಿದ್ದಳು. ಒಂದು ದಿನ ಯಾರದೋ ಆಲ್ಬಂ ತರಲು ಹೋದವನು ಅದನ್ನು ನೋಡಿದೆ. ಬಾಳೆಗೊನೆ ಹೊತ್ತ ಪಿಕಪ್ ಗಾಡಿ, ಹೆಬ್ಬೆಟ್ಟಿನಷ್ಟೇ ದೊಡ್ಡದು. ಆದರೂ ಹಿಂದಿನ ಟೈರಿಗೆ ಗಾಳಿ ಕಮ್ಮಿ ಎಂಬುದು ಗೊತ್ತಾಗುತ್ತಿತ್ತು.

ನನಗೆ ಈ ಚೌಕದ ಚಿತ್ರಗಳ ರುಚಿ ಹಳೆಯದು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಈಗಿರುವ ಕಂಪ್ಯೂಟರ್ ರಿಪೇರಿ ಅಂಗಡಿಗೆ ಮುಂಚೆ ಚಾಮರಾಜನಗರದಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು ವಿಡಿಯೋ ಗೇಮ್ ಆಡಿಸುತ್ತಿದ್ದೆ, ಅರ್ಧ ಗಂಟೆಗೆ ಎರಡು ರೂಪಾಯಿ. ಯಾವುದೋ ಆಫೀಸಿನ ಹರಾಜಿನಲ್ಲಿ ಹಿಡಿದ ಕಂಪ್ಯೂಟರಿನೊಳಗೆ ಒಂದು ಸಾಹಸದ ಆಟ ಉಳಿದುಹೋಗಿತ್ತು. ಅದರಲ್ಲಿ ಹೊಡೆದಾಟವಿಲ್ಲ, ಓಟವಿಲ್ಲ. ಒಬ್ಬ ಮನುಷ್ಯ ಊರು ಸುತ್ತುತ್ತಾನೆ, ಸಿಕ್ಕಿದವರ ಜೊತೆ ಮಾತಾಡುತ್ತಾನೆ, ಒಬ್ಬರ ಹಗ್ಗ ಇಸಿದುಕೊಂಡು ಇನ್ನೊಬ್ಬರ ಬಾವಿಯಿಂದ ಬೀಗದಕೈ ಎತ್ತುತ್ತಾನೆ. ಇಂಗ್ಲಿಷ್ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಆಟ ಏನೆಂಬುದು ತಿಳಿದಿತ್ತು: ಇದ್ದದ್ದು ಕೊಟ್ಟು ಇಲ್ಲದ್ದು ಪಡೆಯುವುದು. ಅದು ನಮ್ಮ ಸಂತೆಯಲ್ಲಿ ದಿನಾ ನಡೆಯುವ ಕೆಲಸ.

ಹಾಗಾಗಿ ನಮ್ಮ ಆಟದ ಕತೆಗೆ ನಾನು ಬಹಳ ದೂರ ಹುಡುಕಲಿಲ್ಲ. ಒಬ್ಬ ಬಾಳೆಕಾಯಿ ವ್ಯಾಪಾರಿ ಕೇರಳಕ್ಕೆ ಲೋಡು ಹಾಕಿಕೊಂಡು ಹೊರಟು ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಅರಣ್ಯ ಗೇಟಿಗೆ ರಾತ್ರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಬರುತ್ತಾನೆ. ಕಾಡಿನ ರಸ್ತೆ ಒಂಬತ್ತಕ್ಕೆ ಮುಚ್ಚಿತು. ಇನ್ನು ಬೆಳಗ್ಗೆ ಆರಕ್ಕೇ. ಅವನ ಟಾರ್ಪಾಲಿನ ಹಗ್ಗ ಕಳುವಾಗಿದೆ, ಬಾಳೆಯ ವಾಸನೆ ಆನೆಗೆ ಸಿಕ್ಕಿದೆ. ಗೇಟಿನಲ್ಲಿ ನಿಂತ ಲಾರಿಯವರು, ಟೀಯವನು, ಬಸ್ ತಪ್ಪಿದ ಒಬ್ಬ ಮಲಯಾಳಿ ಮುದುಕಿ, ಇವರೆಲ್ಲರ ಜೊತೆ ವ್ಯವಹಾರ ಕುದುರಿಸಿ ಬೆಳಗಿನವರೆಗೆ ಲೋಡು ಉಳಿಸಿಕೊಳ್ಳಬೇಕು. ವ್ಯವಹಾರ ಕುದುರಿಸುವುದು ದನದ ಸಂತೆಯ ಕ್ರಮದಲ್ಲಿ. ಟವಲ್ಲಿನ ಕೆಳಗೆ ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ಬೆರಳು ಒತ್ತಿ ಬೆಲೆ ಹೇಳುತ್ತಾರೆ, ಬಾಯಲ್ಲಿ ಮಾತ್ರ ಬೇರೇನೋ ಬೈಯುತ್ತಿರುತ್ತಾರೆ. ಬಾಯಿಯ ಮಾತನ್ನು ನಂಬಿದ ಆಟಗಾರ ಸೋಲುತ್ತಾನೆ, ಬೆರಳು ಎಣಿಸಿದವನು ಗೆಲ್ಲುತ್ತಾನೆ.

ಪ್ರೋಗ್ರಾಂ ಬರೆದವನು ಸುಲ್ತಾನ್ ಬತ್ತೇರಿ ಕಡೆಯವನು, ಲ್ಯಾಪ್‌ಟಾಪ್ ರಿಪೇರಿಗೆ ಬಂದು ಗುರುತಾದವನು. ಅವನು ವಾರಕ್ಕೊಮ್ಮೆ ಬಂದು ಗೇಟು ಬೀಳುವುದರೊಳಗೆ ಓಡುತ್ತಿದ್ದ. ಹಳೆಯ ಕಾಲದ ರೂಪವೇ ಯಾಕೆ, ಈಗಿನ ಹಾಗೆ ಮಾಡಬಹುದಲ್ಲ ಎಂದು ಅವನು ಮೊದಲ ದಿನವೇ ಕೇಳಿದ. ಈಗಿನ ಆಟಗಳಲ್ಲಿ ಹುಲ್ಲಿನ ಎಸಳೂ ಗಾಳಿಗೆ ಅಲ್ಲಾಡುತ್ತದೆ, ಅದಕ್ಕೆ ನೂರು ಜನ ಬೇಕು. ನಮ್ಮದರಲ್ಲಿ ಆನೆಗೆ ನಾಲ್ಕೇ ಬಣ್ಣ, ಒಬ್ಬಳೇ ಬರೆಯುತ್ತಾಳೆ. ನಾಲ್ಕು ಬಣ್ಣದಲ್ಲೂ ಅದು ಕಿವಿ ಬೀಸಿದರೆ ನೋಡಿದವನು ಹಿಂದೆ ಸರಿಯುತ್ತಾನೆ. ಇದಕ್ಕಿಂತ ಅಗ್ಗದಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಎಂದೆ. ಅವನು ಒಪ್ಪಿದ.

ನಾಲ್ಕು ತಿಂಗಳು ಅಂಗಡಿಯ ಸಂಪಾದನೆಯಿಂದ ಸಂಬಳ ಕೊಟ್ಟು ಆಟದ ಮೊದಲ ಭಾಗ ಮಾಡಿಸಿದೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗುತ್ತಿರಲಿಲ್ಲ. ಅವಳು ಸ್ಟುಡಿಯೋ ಬಿಡುವ ದಿನ ಅದರ ಮಾಲೀಕರು ಒಂದು ಮಾತು ಹೇಳಿದ್ದರು: "ಆಷಾಢ ಮುಗಿಯೋಗಂಟ ನಿನ್ ಕುರ್ಚಿ ಖಾಲಿ ಇಟ್ಟಿರ್ತೀನಿ ಕಣವ್ವ. ಶ್ರಾವಣ ಬಂತು ಅಂದ್ರೆ ಮದ್ವೆ ಶುರುವಾಯ್ತವೆ, ಆಮೇಲೆ ಕಾಯಕ್ಕಾಗಲ್ಲ." ಅಕ್ಕನೂ ಅದೇ ಗಡುವು ಹಾಕಿದಳು. ಶ್ರಾವಣದೊಳಗೆ ದುಡ್ಡು ಹುಟ್ಟಿದರೆ ಆಟ, ಇಲ್ಲದಿದ್ದರೆ ಸ್ಟುಡಿಯೋ, ಮತ್ತೆ ಈ ಮಾತು ಎತ್ತಬಾರದು. ಮಗಳು ತಲೆಯಾಡಿಸಿದಳು. ಅವಳು ಒಪ್ಪಿದರೆ ಒಪ್ಪಿದ ಹಾಗೆ.

ಆಗ ನಾನು ಕ್ರೌಡ್‌ಫಂಡಿಂಗ್ ಹಿಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಗಣಪತಿ ಚಂದಾದ ಹಾಗೆ, ಆದರೆ ಮನೆ ಮನೆಗೆ ಹೋಗುವ ಬದಲು ಒಂದು ವೆಬ್‌ಸೈಟಿನಲ್ಲಿ ಡಬ್ಬಿ ಇಡುವುದು. ಇಂಥದ್ದು ಮಾಡುತ್ತೇವೆ, ಇಷ್ಟು ಬೇಕು, ಮೂವತ್ತು ದಿನ ಟೈಮು ಎಂದು ಬರೆಯಬೇಕು. ದುಡ್ಡು ಹಾಕಿದವರಿಗೆ ಆಟ ಮುಗಿದ ಮೇಲೆ ಒಂದು ಪ್ರತಿ.

ಎಷ್ಟು ಬೇಕು ಎಂಬ ಜಾಗದಲ್ಲಿ ನಾನು ಹನ್ನೆರಡು ಲಕ್ಷ ಎಂದು ಬರೆದೆ.

ಬೇಕಾಗಿದ್ದದ್ದು ಆರು. ಆದರೆ ಆರು ಬೇಕಾದವನು ಆರು ಅನ್ನುತ್ತಾನೆಯೇ? ಎತ್ತು ಮಾರುವವನು ಮೊದಲ ಮಾತಿಗೇ ಕೊನೆಯ ಬೆಲೆ ಹೇಳಿದರೆ ಎತ್ತಿಗೆ ಏನೋ ರೋಗವಿದೆ ಎಂದು ಜನ ಎದ್ದು ಹೋಗುತ್ತಾರೆ. ಹನ್ನೆರಡು ಹೇಳಬೇಕು, ಅವರು ಮೂರು ಅನ್ನಬೇಕು, ಟೀ ಬರಬೇಕು, ಆರಕ್ಕೆ ಕೈ ಬೀಳಬೇಕು. ಪೂರ್ತಿ ಗುರಿ ಮುಟ್ಟಿದರೆ ಮಾತ್ರ ದುಡ್ಡು ಕೈಗೆ, ಮುಟ್ಟದಿದ್ದರೆ ಒಂದು ರೂಪಾಯಿಯೂ ಇಲ್ಲ ಎಂದು ವೆಬ್‌ಸೈಟು ದಪ್ಪ ಅಕ್ಷರದಲ್ಲಿ ಬರೆದಿತ್ತು. ಓದಿದ್ದೆ. ಓದಿ ನಕ್ಕಿದ್ದೆ. ಚೌಕಾಸಿ ಇಲ್ಲ ಎಂದು ಬೋರ್ಡು ಹಾಕಿದ ಅಂಗಡಿಯಲ್ಲೇ ನಾನು ಜೀವನದಲ್ಲಿ ಹೆಚ್ಚು ಚೌಕಾಸಿ ಮಾಡಿ ಗೆದ್ದಿರುವುದು.

ದುಡ್ಡು ಚೆನ್ನಾಗಿಯೇ ಬಂತು. ನಮ್ಮ ಪೇಟೆಯ ಬಾಳೆ ಮಂಡಿಯವರೊಬ್ಬರು ಅಂಗಡಿಗೇ ಬಂದರು.

"ನಂಗ್ಯಾಕ್ಲಾ ಆಟ, ನಂ ವಯಸ್ಸೇನು? ದುಡ್ ಆಕ್ತೀನಿ, ಹೆಸ್ರು ಎಲ್ಲಿ ಬರೆಸ್ತೀಯ?"

"ಕೊನೇಲಿ ಪಟ್ಟಿ ಬರುತ್ತೆ ಅಣ್ಣ, ಅದ್ರಲ್ಲಿ."

"ಕೊನೇಲಿ ಯಾರ್ ನೋಡ್ತರೆ? ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ರೂ ಲೈಟ್ ಮ್ಯಾಲೇ ನಂ ಹೆಸ್ರು ಬರೆಸ್ತೀವಪ್ಪ."

"ಬೆಳಕು ಕಮ್ಮಿ ಆಯ್ತದಲ್ಲಣ್ಣ."

"ಆಗ್ಲಿ ಬುಡು. ಹೆಸ್ರು ಕಾಣ್ತದಲ್ಲ."

ಅವರು ಹೋದ ಮೇಲೆ ನನಗೆ ದಾರಿ ಹೊಳೆಯಿತು. ಆಟದ ಗೇಟಿನಲ್ಲಿ ನಿಂತ ಲಾರಿಗಳ ಹಿಂಬದಿ ಖಾಲಿ ಇತ್ತಲ್ಲ. ಐದು ಸಾವಿರ ಹಾಕಿದವರ ಹೆಸರು, ಊರು, ಅವರ ಇಷ್ಟದ ಒಂದು ಸಾಲು ಲಾರಿಯ ಹಿಂದೆ ಎಂದು ಪ್ರಕಟಿಸಿದೆ. ಒಂದು ವಾರದಲ್ಲಿ ಲಾರಿಗಳು ಸಾಲದೆ ಹೋದವು. ಗೇಟಿನ ಕ್ಯೂ ಉದ್ದವಾಯಿತು. ಅಕ್ಕನ ಮಗಳು ಬೈದುಕೊಂಡೇ ಹೊಸ ಲಾರಿಗಳನ್ನು ಬರೆದಳು. ಅವಳು ಬೈದದ್ದು ಕೆಲಸಕ್ಕಲ್ಲ, ಒಬ್ಬರು ತಮ್ಮ ಲಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಲೇಬೇಕು ಎಂದು ಹಟ ಹಿಡಿದದ್ದಕ್ಕೆ. ಆ ಅಳತೆಯಲ್ಲಿ ನಿಂಬೆಹಣ್ಣಿಗೆ ಒಂದೇ ಒಂದು ಚೌಕ ಸಿಗುತ್ತದೆ.

ಮೂವತ್ತನೆಯ ದಿನಕ್ಕೆ ಆರು ಲಕ್ಷದ ಮೂವತ್ತು ಸಾವಿರ ನಿಂತಿತ್ತು. ನನಗೆ ಬೇಕಾದಷ್ಟೇ, ಅಂದುಕೊಂಡಷ್ಟೇ. ಖುಷಿಯಲ್ಲಿ ವೆಬ್‌ಸೈಟಿನವರ ಸಹಾಯದ ನಂಬರಿಗೆ ಫೋನು ಹಚ್ಚಿ ವ್ಯವಹಾರ ಮುಗಿಸಲು ಕೂತೆ. ಆ ಕಡೆಯಿಂದ ಒಬ್ಬ ಹೆಣ್ಣುಮಗಳು, ಸಮಾಧಾನದ ದನಿ, ಬೆಂಗಳೂರಿನ ಕನ್ನಡ.

"ಸರ್, ನಿಮ್ಮ ಗುರಿ ಹನ್ನೆರಡು ಲಕ್ಷ ಇದೆ."

"ಇದೆ ಮೇಡಂ, ಅದು ಹೇಳೋ ಬೆಲೆ. ಆರಕ್ಕೆ ಮುಗಿಸಿ, ನಂದೇನೂ ತಕರಾರಿಲ್ಲ."

"ಹಾಗೆ ಮುಗಿಸೋಕೆ ಬರಲ್ಲ ಸರ್. ಸಿಸ್ಟಮ್ ತಾನಾಗೇ ಎಲ್ಲರಿಗೂ ವಾಪಸ್ ಕಳಿಸುತ್ತೆ."

"ನಿಮ್ಮ ಕಮಿಷನ್ ಬೇಕಾದ್ರೆ ಒಂದು ಪರ್ಸೆಂಟ್ ಜಾಸ್ತಿ ತಗೊಳ್ಳಿ."

"ಸರ್, ನಾನು ತಗೊಳ್ಳೋದೂ ಇಲ್ಲ, ಕೊಡೋದೂ ಇಲ್ಲ. ಸಿಸ್ಟಮ್ ಸರ್."

"ಸಿಸ್ಟಮ್ಮಿಗೆ ಮೇಲೆ ಯಾರೂ ಇಲ್ವಾ?"

ಅವಳು ದನಿ ತಗ್ಗಿಸಿ, "ಇಲ್ಲ ಸರ್" ಎಂದಳು. ನನ್ನ ಮೇಲೆ ಅವಳಿಗೆ ನಿಜವಾಗಿ ಕನಿಕರ ಬಂದಿತ್ತು ಎಂದೇ ನನ್ನ ನಂಬಿಕೆ. ಮಾರನೆಯ ದಿನದಿಂದ ಎಲ್ಲರ ದುಡ್ಡೂ ಅವರವರ ಖಾತೆಗೆ ಹಿಂದೆ ಹೋಯಿತು.

ಬೈಕು ಹತ್ತಿ ಹರದನಹಳ್ಳಿಗೆ ಹೋದೆ. ಹೇಳಬೇಕಲ್ಲ. ಅಕ್ಕ ಜಗುಲಿಯಲ್ಲಿ ಅಲಸಂದೆ ಕಾಳು ಬಿಡಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು ಕಾಳು ಬಿಡಿಸುವುದನ್ನು ನಿಲ್ಲಿಸಿದಳು.

"ಆರು ಬೇಕಿತ್ತು, ಆರು ಬಂತು, ಆದ್ರೂ ಕೈಗ್ ಸಿಕ್ನಿಲ್ಲ. ಇದ್ಯಾವ ಸೀಮೆ ಯಾಪಾರ ಕಣ್ಲಾ?"

ಮಗಳು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಮಾವ, ಆರೇ ಬೇಕಿದ್ದಿದ್ರೆ ಹನ್ನೆರಡು ಅಂತ ಯಾಕೆ ಬರೆದ್ರಿ?"

"ಕಮ್ಮಿ ಮಾಡಿ ಅಂತಾರಲ್ಲ ಅಂತ ಕಣಮ್ಮಿ."

"ಯಾರು ಅಂತಾರೆ ಮಾವ? ಅಲ್ಲಿ ಎದುರುಗಡೆ ಯಾರೂ ಕೂತೇ ಇರ್ಲಿಲ್ವಲ್ಲ."

ನಲವತ್ತು ದಾಟಿದ ಮೇಲೆ ನನಗೆ ವ್ಯಾಪಾರದ ಪಾಠ ಹೇಳಿದವಳು ಅವಳೊಬ್ಬಳೇ. ಸಂತೆಯಲ್ಲಿ ಸುಳ್ಳು ಬೆಲೆ ಹೇಳುವುದು ಸುಳ್ಳಲ್ಲ, ಯಾಕೆಂದರೆ ಎದುರಿನವನಿಗೂ ಅದು ಸುಳ್ಳೆಂದು ಗೊತ್ತು. ಗೊತ್ತಿಲ್ಲದವನ ಮುಂದೆ ಹೇಳಿದರೆ ಅದು ಬರೀ ಸುಳ್ಳು. ಅಷ್ಟೂ ಜನ ನನ್ನ ಹನ್ನೆರಡನ್ನು ನಂಬಿ, ಇದು ಮುಟ್ಟುವ ಗುರಿಯಲ್ಲ ಎಂದು ತಿಳಿದೂ, ಪಾಪ, ದುಡ್ಡು ಹಾಕಿದ್ದರು.

ಅಷ್ಟು ಹೊತ್ತಿಗೆ ಆಷಾಢ ಹುಟ್ಟಲು ಎರಡು ದಿನ ಉಳಿದಿತ್ತು. ಶ್ರಾವಣಕ್ಕೆ ಒಂದೇ ತಿಂಗಳು. ಇನ್ನೊಂದು ಸಲ ಡಬ್ಬಿ ಇಡುತ್ತೇನೆ ಎಂದೆ.

"ಆಷಾಢ್ದಲ್ಲಿ ಯಾರಾದ್ರೂ ಒಸ ಕೆಲ್ಸ ಸುರು ಮಾಡ್ತರೇನ್ಲಾ?" ಎಂದಳು ಅಕ್ಕ.

"ಇದು ಹೊಸದಲ್ಲಕ್ಕ. ಹಳೇ ಕೆಲ್ಸವೇ, ಎರಡ್ನೇ ಸಲ."

"ಬಾಯ್ಗೇನ್ ಕಮ್ಮಿ ಇಲ್ಲ" ಎಂದು ಅವಳು ಮತ್ತೆ ಕಾಳಿಗೆ ಕೈ ಹಾಕಿದಳು. ಬೇಡ ಎನ್ನಲಿಲ್ಲ.

ಈ ಸಲ ಆರು ಲಕ್ಷ ಎಂದು ಬರೆದೆವು. ಸಂಖ್ಯೆ ಒತ್ತಿದವಳು ಅಕ್ಕನ ಮಗಳು, ನನ್ನ ಕೈಗೆ ಕೀಬೋರ್ಡ್ ಕೊಡಲಿಲ್ಲ. ಮೊದಲ ದಿನ ನಲವತ್ತು ಸಾವಿರ ಬಂತು, ಹತ್ತು ದಿನಕ್ಕೆ ಎರಡು ಲಕ್ಷ ಆಯಿತು, ಆಮೇಲೆ ನಿಂತುಹೋಯಿತು. ದಿನಕ್ಕೆ ಐನೂರು, ಒಂದು ದಿನ ಅದೂ ಇಲ್ಲ. ಯಾಕೆ ಎಂದು ತಿಳಿದದ್ದು ಹದಿನಾಲ್ಕನೆಯ ದಿನ. ಮೊದಲ ಸಲ ದುಡ್ಡು ಹಾಕಿದ್ದ ಒಬ್ಬರು ನಮ್ಮ ಪುಟದಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೇಳಿದ್ದರು: ಹೋದ ತಿಂಗಳು ಹನ್ನೆರಡು ಬೇಕಿತ್ತು, ಈಗ ಆರು ಸಾಕು ಅನ್ನುತ್ತೀರಿ, ಆಟದಲ್ಲಿ ಅರ್ಧ ಏನು ಕತ್ತರಿಸಿದಿರಿ? ಕೆಳಗೆ ಇಪ್ಪತ್ತು ಮೂವತ್ತು ಜನ ನಮಗೂ ಅದೇ ಪ್ರಶ್ನೆ ಎಂದು ಬರೆದಿದ್ದರು.

ನಾನು ಒಂದು ಉತ್ತರ ತಯಾರಿಸಿದೆ. ಸಂಗೀತದವರು ರೇಟು ಇಳಿಸಿದರು, ತಂತ್ರಾಂಶ ಉಚಿತವಾಗಿ ಸಿಕ್ಕಿತು, ಇತ್ಯಾದಿ. ಓದಲು ಚೆನ್ನಾಗಿತ್ತು. ಪ್ರೋಗ್ರಾಂನವನಿಗೆ ಫೋನಿನಲ್ಲಿ ಓದಿ ಹೇಳಿದೆ, ಅವನು ಕೊಳ್ಳಾಂ ಅಂದ. ಅವನ ಭಾಷೆಯಲ್ಲಿ ಅದು ಅಡ್ಡಿಯಿಲ್ಲ ಎನ್ನುವ ಮಾತು. ಅಕ್ಕನ ಮಗಳು ಮಾತ್ರ ಓದಿ ಕಾಗದ ಮಡಚಿ ಪಕ್ಕಕ್ಕಿಟ್ಟಳು.

"ಬೇಡ ಮಾವ. ಇದನ್ನ ಹಾಕಿದ್ರೆ ನಾಳೆ ಇನ್ನೊಂದು ಕೇಳ್ತಾರೆ, ಅದಕ್ಕೆ ಇನ್ನೊಂದು ಹೇಳ್ಬೇಕು. ನಡೆದದ್ದು ಹೇಳ್ಬುಡನ."

"ನಗ್ತಾರೆ ಕಣಮ್ಮಿ."

"ನಗ್ಲಿ. ನಗೋರು ಆಟ ಆಡೋರೇ."

ಎರಡು ದಿನ ಕೂತು ಅವಳು ಒಂದು ಚಿಕ್ಕ ಚಲಿಸುವ ಚಿತ್ರ ಮಾಡಿದಳು. ಇಬ್ಬರು ವ್ಯಾಪಾರಿಗಳು, ನಡುವೆ ಟವಲ್ಲು, ಪಕ್ಕದಲ್ಲಿ ಒಂದು ಎಮ್ಮೆ. ಒಬ್ಬನ ತಲೆಯ ಮೇಲೆ ಹನ್ನೆರಡು ಎಂದು ಬರುತ್ತದೆ. ಟವಲ್ಲಿನ ಕೆಳಗೆ ಬೆರಳು ಒತ್ತಿ ಹೇಳುವುದು ಆರು. ಆಮೇಲೆ ಎದುರಿನವನು ಮಾಯವಾಗಿ ಅವನ ಜಾಗದಲ್ಲಿ ಒಂದು ಕಂಪ್ಯೂಟರು ಬರುತ್ತದೆ. ವ್ಯಾಪಾರಿ ಟವಲ್ಲು ಹಿಡಿದುಕೊಂಡು ಅದರ ಬೆರಳು ಹುಡುಕುತ್ತಾನೆ, ಹುಡುಕುತ್ತಲೇ ಇರುತ್ತಾನೆ. ಎಮ್ಮೆ ನಮ್ಮ ಕಡೆ ತಿರುಗಿ ಒಂದು ಸಲ ಕಣ್ಣು ಮಿಟುಕಿಸುತ್ತದೆ. ಆ ವ್ಯಾಪಾರಿಗೆ ನನ್ನದೇ ಹೊಟ್ಟೆ, ನನ್ನದೇ ಮೀಸೆ. ಕೆಳಗೆ ನಾನು ನಾಲ್ಕು ಸಾಲು ಬರೆದೆ: ಆಟದಲ್ಲಿ ಏನೂ ಕತ್ತರಿಸಿಲ್ಲ, ಮೊದಲಿಂದಲೂ ಬೇಕಿದ್ದದ್ದು ಆರೇ, ನಮ್ಮ ಕಡೆ ಹನ್ನೆರಡು ಅಂದರೆ ಆರು ಎಂದೇ ಅರ್ಥ, ನಿಮಗೆ ಅದು ಗೊತ್ತಿರಲಾರದು ಎಂಬ ಬುದ್ಧಿ ನನಗೆ ಬರಲಿಲ್ಲ, ತಪ್ಪಾಯಿತು.

ನಕ್ಕರು. ಚೆನ್ನಾಗಿಯೇ ನಕ್ಕರು. ಆ ಚಿತ್ರವನ್ನು ಒಬ್ಬರಿಗೊಬ್ಬರು ಕಳಿಸಿಕೊಂಡರು. ಕೋಳಿಕ್ಕೋಡಿನ ಒಬ್ಬರು ಅವರ ಮೀನು ಮಾರ್ಕೆಟ್ಟಿನಲ್ಲೂ ಇದೇ ಕತೆ ಎಂದು ಬರೆದರು. ಪ್ರಶ್ನೆ ಕೇಳಿದ್ದವರು ಮೊದಲ ಸಲಕ್ಕಿಂತ ಎರಡರಷ್ಟು ಹಾಕಿ, "ಇದು ಹೇಳೋ ಬೆಲೆಯಲ್ಲ, ಕೊಡೋ ಬೆಲೆ" ಎಂದು ಸೇರಿಸಿದ್ದರು. ಬಾಳೆ ಮಂಡಿಯವರು ಮತ್ತೆ ಬಂದರು. ಲಾರಿ ಬೇಡ, ಆ ಎಮ್ಮೆಗೆ ತಮ್ಮ ಮನೆಯ ಎಮ್ಮೆಯ ಹೆಸರು ಇಡಬೇಕು ಎಂದರು. ಹತ್ತು ಸಾವಿರಕ್ಕೆ ಒಪ್ಪಿಸಿದೆ, ಇದರಲ್ಲಿ ಮಾತ್ರ ಅವಳು ನನ್ನನ್ನು ತಡೆಯಲಿಲ್ಲ.

ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಆರು ಲಕ್ಷ ದಾಟಿತು. ನಾನು ಗಿರಾಕಿಯೊಬ್ಬರ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ, ಕೈಯೆಲ್ಲ ಮಸಿ. ಅವಳ ಫೋನು ಬಂತು. "ಮಾವ, ಆಯ್ತು" ಎಂದಳು. ಹಿಂದಿನಿಂದ ಅಕ್ಕ ಕೇಳುವುದು ಕೇಳಿಸಿತು: "ಈ ಸಲನಾದ್ರೂ ಕೈಗ್ ಸಿಕ್ಕದಂತ?" ಮುಗಿಯುವ ಹೊತ್ತಿಗೆ ಆರು ಲಕ್ಷದ ಐವತ್ತೆರಡು ಸಾವಿರ ಬಂದಿತ್ತು.

ಶ್ರಾವಣದ ಮೊದಲ ವಾರ ಸ್ಟುಡಿಯೋ ಮಾಲೀಕರು ತಾವೇ ಹರದನಹಳ್ಳಿಗೆ ಬಂದರು. ನಾನೂ ಅಲ್ಲಿದ್ದೆ. ಕುರ್ಚಿ ಇನ್ನೂ ಖಾಲಿಯಿದೆ, ಹನ್ನೆರಡಲ್ಲ ಹದಿನಾಲ್ಕು ಕೊಡುತ್ತೇನೆ ಎಂದರು. ಅವಳು ಬರುವುದಿಲ್ಲ ಎಂದಳು. ಹಾಗಾದರೆ ಮನೆಯಲ್ಲೇ ಕೂತು ಭಾನುವಾರ ಭಾನುವಾರ ನಾಲ್ಕು ಆಲ್ಬಂ ಮಾಡಿಕೊಡವ್ವ, ಒಂದಕ್ಕೆ ಎಂಟುನೂರು ಎಂದರು.

"ಸಾವಿರದ ಐನೂರು ಸಾರ್."

"ಒಂಬೈನೂರು ಮಾಡ್ಕೊ."

"ಸಾವಿರದ ಐನೂರೇ ಸಾರ್. ನಂಗೆ ಬೇಕಿರೋದು ಅಷ್ಟೇ, ಹೇಳಿರೋದೂ ಅಷ್ಟೇ."

ಅವರು ನನ್ನ ಕಡೆ ತಿರುಗಿದರು. "ನೀವಾರ ಒಂದ್ ಮಾತೇಳಿ. ಇಬ್ರಿಗೂ ಬ್ಯಾಡ, ಸಾವಿರದ್ ಇನ್ನೂರಕ್ಕೆ ಮುಗುಸ್ಬುಡನ."

ನನ್ನ ನಾಲಿಗೆಯ ತುದಿಗೆ ಸಾವಿರದ ಮುನ್ನೂರು ಬಂದಿತ್ತು. ನುಂಗಿಕೊಂಡು ಕಾಫಿ ಕುಡಿದೆ. ಅವರು ಸಾವಿರದ ಐನೂರಕ್ಕೇ ಒಪ್ಪಿ, ಅಕ್ಕ ಕೊಟ್ಟ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಹೋದರು. ಆ ದಿನದಿಂದ ಅವಳು ಆಟದ ಕೆಲಸವನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಒಂದು ವರ್ಷದಲ್ಲಿ ಆಟ ಮುಗಿಯಿತು, ದುಡ್ಡು ಹಾಕಿದವರಿಗೆಲ್ಲ ಪ್ರತಿ ಹೋಯಿತು. ಈಗ ಎರಡನೆಯ ಆಟದ ಆನೆಗೆ ಐದು ಬಣ್ಣ ಬೇಕು ಎಂದು ಜಗಳ ತೆಗೆದಿದ್ದಾಳೆ.

ನೀವೂ ಇಂಥದ್ದಕ್ಕೆ ಇಳಿಯುವವರಾದರೆ ನನ್ನ ಮಾತು ಕೇಳಿ. ಮೊದಲು ಆಟದ ಒಂದು ತುಂಡನ್ನು ನಿಮ್ಮ ದುಡ್ಡಿನಲ್ಲೇ ಮಾಡಿ ತೋರಿಸಿ. ಬರೀ ಬಾಯಿಮಾತಿಗೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ, ಹಾಕಲೂಬಾರದು. ನೀವು ದುಡ್ಡು ಕೊಡುವ ಕಡೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಕಂಪ್ಯೂಟರ್ ಹಳೆಯದು ಕೊಳ್ಳಿ, ಬ್ಯಾಟರಿ ಮಾತ್ರ ಹೊಸದು ಕೊಳ್ಳಿ. ಆದರೆ ಜನರ ಹತ್ತಿರ ಕೇಳುವಾಗ ಬೇಕಾದಷ್ಟೇ ಕೇಳಿ, ವೆಬ್‌ಸೈಟಿನ ಕಮಿಷನ್ ಸೇರಿಸುವುದನ್ನು ಮರೆಯಬೇಡಿ. ಸರಿಯಾಗಿ ತುಂಬುವ ದಿನಗಳು ಮೊದಲ ವಾರ ಮತ್ತು ಕೊನೆಯ ವಾರ. ನಡುವೆ ಡಬ್ಬಿ ಅಲ್ಲಾಡದಿದ್ದರೆ ಗಾಬರಿಯಾಗದೆ ಜನ ಏನು ಕೇಳುತ್ತಿದ್ದಾರೆ ಎಂದು ಓದಿ. ಹೆಸರು ಬರೆಸಲು ನಮ್ಮವರು ಆಟಕ್ಕಿಂತ ಹೆಚ್ಚು ಕೊಡುತ್ತಾರೆ, ಅದಕ್ಕೆ ಜಾಗ ಮೊದಲೇ ಇಟ್ಟುಕೊಳ್ಳಿ, ಆದರೆ ಎಷ್ಟು ಹೆಸರು ಎಂದು ಮಿತಿ ಹಾಕಿ, ಬರೆಯುವ ಕೈ ಒಂದೇ ಇರುತ್ತದೆ. ಮತ್ತೆ ಒಟ್ಟು ಎಷ್ಟು ಬೇಕು ಎಂದು ಕೂಡುವಾಗ ಮೊದಲ ಸಾಲಿನಲ್ಲಿ ಆ ಕೈಯ ಸಂಬಳ ಬರೆಯಿರಿ, ಆಟ ಮುಗಿಯುತ್ತದೆ ಎಂದುಕೊಂಡದ್ದಕ್ಕಿಂತ ನಾಲ್ಕು ತಿಂಗಳು ಜಾಸ್ತಿ ಸೇರಿಸಿ. ಆ ಸಾಲಿನಲ್ಲಿ ಒಂದು ರೂಪಾಯಿಯನ್ನೂ ಇಳಿಸಬೇಡಿ.